ಒಂದೇ ಪ್ರತಿ

ಛಾಪಖಾನೆಗೆ ಸರಕಾರದ ಮೊಹರು ಬಿದ್ದ ಮೇಲೆ ಚಂಪಾಗೆ ಮನೆಯಲ್ಲಿ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹದಿನಾಲ್ಕು ವರ್ಷ ಆ ಯಂತ್ರದ ಸದ್ದಿನಲ್ಲೇ ಅವಳ ಸಂಸಾರ ನಡೆದಿತ್ತು. ಕಾರವಾರ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದೆ ಛಾಪಖಾನೆ, ಹಿಂದೆ ವಾಸ. ಗಂಡ ಮಂಗೇಶ ಕಾಲಿನಿಂದ ತುಳಿದು ಯಂತ್ರ ನಡೆಸುವಾಗ ನಡುವಿನ ಗೋಡೆ ಅದುರುತ್ತಿತ್ತು, ಅಡಿಗೆಮನೆಯ ಹಲಗೆಯ ಮೇಲಿನ ಹಿತ್ತಾಳೆ ಲೋಟಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಮದುವೆಯ ಆಮಂತ್ರಣ, ಶಾಲೆಯ ಪ್ರಶ್ನೆಪತ್ರಿಕೆ, ನಾಟಕದ ಜಾಹೀರಾತು, ಏನೇ ಅಚ್ಚಾಗಿ ಬಂದರೂ ಅದನ್ನು ಎಣಿಸಿ, ಮಡಚಿ, ಹೊಲಿದು ಕೊಡುವ ಕೆಲಸ ಚಂಪಾಳದು. ಈಗ ಲೋಟಗಳು ಸುಮ್ಮನಿದ್ದವು. ಅವಳ ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಮಡಚಿಟ್ಟ ಸೀರೆಯನ್ನು ಬಿಚ್ಚಿ ಮತ್ತೆ ಮಡಚುವಳು, ಬಾವಿಯವರೆಗೆ ಹೋಗಿ ಕೊಡ ಮರೆತು ಬರುವಳು.

ಅದು ೧೯೩೨ನೇ ಇಸವಿ. ಅಂಕೋಲೆ ಸೀಮೆಯ ರೈತರು ಭೂಕಂದಾಯ ಕೊಡುವುದಿಲ್ಲವೆಂದು ಪಟ್ಟು ಹಿಡಿದು ಕೂತಿದ್ದರು. ಮುದ್ರಕರ ಹೆಸರಿಲ್ಲದ ಕರಪತ್ರವೊಂದು ಊರೂರು ತಿರುಗಿ ಕೊನೆಗೆ ಕಲೆಕ್ಟರ್ ಸಾಹೇಬರ ಮೇಜಿಗೂ ಹೋಯಿತು. ಅದರಲ್ಲಿದ್ದ ಮುಕ್ಕಾದ ‘ಕ’ ಅಕ್ಷರ ಮಂಗೇಶನ ಅಚ್ಚಿನ ಮೊಳೆಪೆಟ್ಟಿಗೆಯದೇ ಎಂದು ಯಾರೋ ಹೇಳಿದರು. ಮರುದಿನವೇ ಬಾಗಿಲಿಗೆ ಅರಗಿನ ಮೊಹರು.

ಮಂಗೇಶ ಅದನ್ನು ಅಚ್ಚು ಹಾಕಿರಲಿಲ್ಲ. ಅದೇ ಅವನಿಗೆ ಮುಳ್ಳಾಯಿತು. ಪೇಟೆಗೆ ಹೋದರೆ ಜನ ದಾರಿ ಬಿಟ್ಟು ಕೈಮುಗಿಯುವರು. ‘ದೇಶಕ್ಕಾಗಿ ಛಾಪಖಾನೆ ಕಳಕೊಂಡವರು’ ಎಂದು ಗುಸುಗುಟ್ಟುವರು. ಅವನು ತಲೆ ತಗ್ಗಿಸಿ ಮನೆಗೆ ಬಂದು, ಜಗಲಿಯಿಂದ ಮೊಹರು ಹಾಕಿದ ಬಾಗಿಲಿಗೆ, ಅಲ್ಲಿಂದ ಮತ್ತೆ ಜಗಲಿಗೆ ತಿರುಗುವನು.

“ಮಾಡಿದ ಕೆಲಸಕ್ಕೆ ಬೀಗ ಬಿದ್ರೆ ತಡಕೊಳ್ಬಹುದು,” ಎಂದ ಒಮ್ಮೆ. “ಮಾಡದೇ ಇದ್ದದ್ದಕ್ಕೆ ಹೊಗಳಿಕೆ ಬಂದ್ರೆ ಎಂತ ಮಾಡುದು ಹೇಳು.”

ಚಂಪಾ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

ಹೀಗಿದ್ದಾಗ ಒಂದು ಬೆಳಿಗ್ಗೆ ಮಧುಕರ ಮಾಸ್ತರರು ಬಂದರು. ಮುಂಬೈಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ, ಉಬ್ಬಸ ಹೆಚ್ಚಾಗಿ ಊರಿಗೆ ಮರಳಿದವರು. ಎರಡು ಮನೆ ಆಚೆ ಒಬ್ಬರೇ ಇದ್ದರು. ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಮಂಗೇಶ ವೃತ್ತಪತ್ರಿಕೆ ಓದುವುದನ್ನು ಕೇಳಲು ದಿನಾ ಬರುವರು. ಅಂದು ಅವರ ಕಾಲಿಗೆ ಜಗಲಿಯ ಮೂಲೆಯಲ್ಲಿದ್ದ ಡಬ್ಬಿ ತಾಗಿತು. ಮೊಹರು ಬೀಳುವ ಮುಂಚಿನ ದಿನ ಮುಂಬೈಯಿಂದ ಬಂದ ಅಚ್ಚಿನ ಮಸಿ ಅದು. ಒಳಗೆ ಇಡದೆ ಉಳಿದದ್ದರಿಂದ ಮೊಹರಿಗೆ ಸಿಕ್ಕಿರಲಿಲ್ಲ.

“ಇದು ಒಣಗಿ ಹೋಗ್ತದೆ,” ಎಂದರು ಮಾಸ್ತರರು.

“ಯಂತ್ರ ಒಳಗದೆ, ಮೊಳೆ ಒಳಗದೆ. ಬರೀ ಮಸಿ ಇಟ್ಕೊಂಡು ಎಂತ ಮಾಡುದು ಮಾಸ್ತರೇ?” ಎಂದ ಮಂಗೇಶ.

“ಯಂತ್ರ ಇಲ್ಲದೆಯೂ ಅಚ್ಚು ಹಾಕ್ಬಹುದು. ಮೊಳೆಯೂ ಬೇಡ. ಒಂದು ಗಾಜು ಬೇಕು, ಅಷ್ಟೇ. ಮೊನೊಟೈಪ್ ಅಂತಾರೆ.”

“ಮೊನೊಟೈಪ್ ಅಂದ್ರೆ ಮೊಳೆ ಎರಕ ಹೊಯ್ಯೋ ಯಂತ್ರ ಅಲ್ವ?”

“ಅದು ಬೇರೆ. ಇದು ಗಾಜಿಗೆ ಮಸಿ ಹಚ್ಚಿ, ಚಿತ್ರ ಮಾಡಿ, ಕಾಗದ ಒತ್ತಿ ತೆಗೆಯುದು. ಒಂದೇ ಪ್ರತಿ ಬರ್ತದೆ. ಎರಡನೇದು ಬರೂದಿಲ್ಲ.”

ಮಂಗೇಶನಿಗೆ ನಗು ಬಂತು. ಒಂದೇ ಪ್ರತಿ ಬರುವ ಅಚ್ಚು ಯಾರಿಗೆ ಬೇಕು? ಆದರೆ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚಂಪಾ ಆಗಲೇ ಪಡಸಾಲೆಯ ಗೋಡೆ ನೋಡುತ್ತಿದ್ದಳು. ಅಲ್ಲಿ ಬ್ರಿಟಿಷ್ ಚಕ್ರವರ್ತಿಯ ಪಟವಿತ್ತು. ಸರಕಾರಿ ಅಚ್ಚಿನ ಕೆಲಸ ಸಿಗಲೆಂದು ಮಾವನವರ ಕಾಲದಲ್ಲಿ ತೂಗುಹಾಕಿದ್ದು. ಮಧ್ಯಾಹ್ನ ಗಂಡ ಮಲಗಿದಾಗ ಸ್ಟೂಲು ಹತ್ತಿ ಪಟ ಇಳಿಸಿ, ಹಿಂದಿನ ಮೊಳೆ ಬಿಚ್ಚಿ ಗಾಜು ತೆಗೆದುಕೊಂಡು, ಚಕ್ರವರ್ತಿಯನ್ನು ಹಾಗೇ ಮತ್ತೆ ಗೋಡೆಗೆ ಏರಿಸಿದಳು. ಸಂಜೆ ಮಾಸ್ತರರ ಮುಂದೆ ಗಾಜು ಇಟ್ಟು, “ಕಲಿಸ್ತೀರಾ?” ಎಂದಳು.

ಮಾಸ್ತರರು ಕಲಿಸುವುದರಲ್ಲಿ ಕಟುಕರು. ಹಳೇ ಬಟ್ಟೆಯಲ್ಲಿ ಹತ್ತಿ ಕಟ್ಟಿದ ಗಂಟಿನಿಂದ ಗಾಜಿನ ತುಂಬ ಮಸಿ ತಟ್ಟಬೇಕು. ಬಟ್ಟೆಯ ಚೂರು, ಪೊರಕೆಯ ಹಿಡಿಕಡ್ಡಿ, ಉಗುರು, ಏನು ಸಿಕ್ಕರೆ ಅದರಿಂದ ಮಸಿಯನ್ನು ಒರೆಸಿ ಬೆಳಕು ತೆಗೆಯಬೇಕು. ಮಸಿ ಉಳಿದಲ್ಲಿ ಕಪ್ಪು, ಹೋದಲ್ಲಿ ಬಿಳಿ. ಮೇಲೆ ಒದ್ದೆ ಮಾಡಿ ನೀರು ಒತ್ತಿ ತೆಗೆದ ಕಾಗದ ಹಾಸಿ, ಮರದ ಸೌಟಿನ ಬೆನ್ನಿನಿಂದ ತಿಕ್ಕಬೇಕು. ತಿಕ್ಕುವಾಗ ಕಾಗದ ಕೂದಲೆಳೆಯಷ್ಟೂ ಸರಿಯಬಾರದು. ಇಷ್ಟನ್ನೂ ಮಸಿ ಆರುವ ಮೊದಲು ಮುಗಿಸಬೇಕು.

ಮೊದಲನೇದು ಬರೀ ಕಪ್ಪು ರಾಡಿ. ಎರಡನೇದಕ್ಕೆ ಮಸಿ ಕಡಿಮೆಯಾಗಿ ತುರಿಕಜ್ಜಿ ಹಿಡಿದ ಚರ್ಮದಂತೆ ಬಂತು. ಮೂರನೇದರಲ್ಲಿ ಕಾಗದ ಹರಿಯಿತು. ಐದನೇ ದಿನ ಅವಳು ಕಾಳಿ ನದಿ ಸಮುದ್ರ ಸೇರುವ ಜಾಗವನ್ನು ಮಾಡಿದಳು: ಕಡಲಿನ ಕಡೆ ಮುಖ ಮಾಡಿ ನಿಂತರೆ ಬಲಗಡೆ ಸದಾಶಿವಗಡದ ಗುಡ್ಡ, ಎದುರಿಗೆ ನೀರು. ಕಾಗದ ಎತ್ತಿದಾಗ ಚಿತ್ರ ಚೊಕ್ಕಟವಾಗಿ ಮೂಡಿತ್ತು. ಆದರೆ ಗುಡ್ಡ ಎಡಕ್ಕೆ ಬಂದು ಕೂತಿತ್ತು.

ಮಂಗೇಶ ಬಗ್ಗಿ ನೋಡಿ, ಎಷ್ಟೋ ದಿನಗಳ ಮೇಲೆ ಬಾಯ್ತುಂಬ ನಕ್ಕ. “ಹದಿನಾಲ್ಕು ವರ್ಷ ಅಚ್ಚಿನ ಮನೇಲಿ ಇದ್ದವ್ಳಿಗೆ ಇಷ್ಟು ಗೊತ್ತಿಲ್ವ? ಮೊಳೆ ತಿರುಗಿಸಿ ಜೋಡಿಸ್ದೆ ಇದ್ರೆ ಅಕ್ಷರ ಸರಿ ಬರ್ತದಾ?”

ಅವಳಿಗೆ ನಾಚಿಕೆಯಾಯಿತು. ಆದರೆ ಬಿಡಲಿಲ್ಲ. ಅನ್ನಕ್ಕೆ ಇಟ್ಟ ಅಕ್ಕಿ ಸೀಯುತ್ತಿದ್ದರೂ ಗಾಜಿನ ಮುಂದಿರುವಳು. ಮಾಡಿದ್ದು ಯಾವುದೂ ಹಿಡಿಸದು. ಒಂದು ಮುಗಿಯುವ ಮೊದಲೇ ಇನ್ನೊಂದು ತಲೆಯಲ್ಲಿ ಕುಣಿಯುವುದು. “ನಿಂತು ನೋಡು, ಆಮೇಲೆ ಒರೆಸು,” ಎಂದು ಮಾಸ್ತರರು ಗದರುವರು. “ನಿಂತ್ರೆ ಮಸಿ ಆರ್ತದೆ ಅಂತ ನೀವೇ ಹೇಳಿದ್ರಿ,” ಎಂದು ಅವಳು ಎದುರು ಹೇಳುವಳು. ದಿನಾ ಹೊತ್ತು ಮುಳುಗುವ ಮುಂಚೆ ಬಾವಿಕಟ್ಟೆಯಲ್ಲಿ ಸೀಮೆಎಣ್ಣೆ ಹಚ್ಚಿ ಕೈ ತಿಕ್ಕುವಳು. ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ.

ಚೈತ್ರದಲ್ಲಿ ತಾಯಿಯನ್ನು ನೋಡಿ ಬರಲು ಅವಳು ಅಂಕೋಲೆಗೆ ಹೊರಟಳು. ಬಿಣಗಾ, ಅರ್ಗಾ ದಾಟಿ ಬಂದ ಮೋಟಾರು ಬೇಲೆಕೇರಿಯ ಹತ್ತಿರ ಎಂಜಿನ್ ಕಾದು ನಿಂತಿತು. ಡ್ರೈವರು ನೀರು ಹುಡುಕಿಕೊಂಡು ಹೋದಾಗ ಚಂಪಾ ಕೆಳಗಿಳಿದಳು. ರಸ್ತೆಯ ಪಕ್ಕದಿಂದ ಉಪ್ಪುನೀರಿನ ಗಜನಿ ಗದ್ದೆ, ಅದರ ನಡುವೆ ಮಣ್ಣಿನ ಏರಿ. ಏರಿಯ ಮೇಲೆ ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ತಲೆಯ ಮೇಲೆ ಒಂದು ಬಾಗಿಲಿತ್ತು.

ಸಾಧಾರಣ ಬಾಗಿಲಲ್ಲ, ಹಲಸಿನ ಹಲಗೆಯ ಇಡೀ ಮನೆಬಾಗಿಲು, ಅಗಳಿಯೂ ಬಿಟ್ಟಿಲ್ಲ. ಕುತ್ತಿಗೆ ತುಂಬ ಮಣಿಸರ. ಒಂದು ಕೈ ಮೇಲೆತ್ತಿ ಬಾಗಿಲನ್ನು ಹಿಡಿದಿದ್ದಳು. ಇನ್ನೊಂದು, ಎಡಗೈ, ಮೊಣಕೈ ಹತ್ತಿರ ಸೊಟ್ಟಗೆ ಬಾಗಿ ಪಕ್ಕದಲ್ಲಿ ಜೋತಿತ್ತು. ಆ ಕೈ ನೋಡಿಯೇ ಚಂಪಾಗೆ ಗುರುತು ಸಿಕ್ಕಿತು. ಅವಳು ದುರ್ಗಿ. ಸಣ್ಣವಳಿದ್ದಾಗ ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡಿದ್ದವಳು. ಚಂಪಾಳ ತವರಿಗೆ ಹರಿವೆ, ಗೆಣಸು ತಂದು ಮಾರುತ್ತಿದ್ದ ಹಾಲಕ್ಕಿ ಒಕ್ಕಲಿನವಳು.

“ದುರ್ಗಿ, ಇದೆಂತದೇ?”

ದುರ್ಗಿ ನಿಲ್ಲಲಿಲ್ಲ. ನಿಂತರೆ ಭಾರ ಹೆಚ್ಚಾಗುತ್ತಿತ್ತೇನೋ. “ಬಾಗ್ಲು ಅಮ್ಮ. ಗಂಡ ಹುಲಿಯಾ ಗದ್ದೆ ತೀರ್ವೆ ಕೊಡೂದಿಲ್ಲ ಅಂದ, ಅವ್ನ ಜೈಲಿಗೆ ಹಾಕ್ದ್ರು. ನಾಳೆ ಮನೆ ಜಪ್ತಿಗೆ ಬತ್ರು. ಗದ್ದೆ ಹೊತ್ಕಂಡು ಹೋಗೂಕಾಗೂದಿಲ್ಲ. ಇದಾರೂ ಇರ್ಲಿ.”

“ಎಲ್ಲಿಗೆ ಒಯ್ತೆ?”

“ಅಣ್ಣ ಬೀರನ ಮನೆಗೆ. ಯಾರಿಗೂ ಹೇಳ್ಬೇಡಿ.”

ಅಷ್ಟೇ ಮಾತು. ಏರಿ ತಿರುಗಿದಲ್ಲಿ ಬಾಗಿಲು ಅಡ್ಡವಾಗಿ, ಆಮೇಲೆ ತೆಳ್ಳಗಾಗಿ, ಕಾಣದೆ ಹೋಯಿತು.

ತವರಿನಲ್ಲಿ ಚಂಪಾ ಒಂದೇ ದಿನ ನಿಂತಳು. ತಾಯಿ ಎಷ್ಟು ಹೇಳಿದರೂ ಕೇಳದೆ ಮರುದಿನದ ಮೋಟಾರಿಗೆ ಹತ್ತಿ ಕಾರವಾರಕ್ಕೆ ಬಂದು, ಕಾಲು ತೊಳೆಯದೆಯೇ ಗಾಜು ತೆಗೆದಳು. ಗಾಜಿನ ತುಂಬ ಮಸಿ ತಟ್ಟಿ, ಒಂದೇ ಬೀಸಿನಲ್ಲಿ ಒರೆಸಿದಳು. ಬಾಗಿಲನ್ನು ಕಪ್ಪಾಗಿಯೇ ಬಿಟ್ಟಳು. ಅದರ ಸುತ್ತಲಿನ ಬಿಸಿಲನ್ನು ಬಟ್ಟೆಯಿಂದ ತೆಗೆದಳು. ಮಣಿಗಳಿಗೆ ಹಿಡಿಕಡ್ಡಿ, ಸೀರೆಯ ನೆರಿಗೆಗೆ ಉಗುರು. ಎಡಗೈ ಕಾಗದದ ಮೇಲೆ ಎಡಗೈಯೇ ಆಗಿ ಬರಲೆಂದು ಗಾಜಿನ ಮೇಲೆ ಅದನ್ನು ಬಲಗೈಯಾಗಿ ಮಾಡಿದಳು. ಕಾಗದ ಹಾಸಿ, ತಿಕ್ಕಿ, ಎತ್ತಿದಳು.

ಮಾಸ್ತರರು ಕಾಗದವನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಕೊನೆಗೆ, “ಇವಳ ಕುತ್ತಿಗೆ ನೋಯ್ತಾ ಅದೆ,” ಎಂದರು. ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು.

ನಾಲ್ಕು ದಿನ ಚಿತ್ರ ಹಿತ್ತಿಲ ಜಗಲಿಯ ಹಗ್ಗದಲ್ಲಿ ಒಣಗಿತು. ಐದನೇ ಬೆಳಿಗ್ಗೆ ಫೌಜದಾರರು ಇಬ್ಬರು ಪೊಲೀಸರೊಂದಿಗೆ ಬಂದರು. ಛಾಪಖಾನೆಯ ಚಂಪಾಬಾಯಿ ದಿನಾ ಬಾವಿಕಟ್ಟೆಯಲ್ಲಿ ಅಚ್ಚಿನ ಮಸಿ ತೊಳೆಯುತ್ತಾರೆಂದು ಅವರಿಗೆ ಸುದ್ದಿ ಹೋಗಿತ್ತು. ಮೊಹರು ನೋಡಿದರು, ಸರಿಯಾಗಿಯೇ ಇತ್ತು. ಹಿತ್ತಿಲಿಗೆ ಹೋದರು. ಹಗ್ಗದಿಂದ ಆರು ಚಿತ್ರ ಇಳಿಸಿ ಮೇಜಿನ ಮೇಲೆ ಹರಡಿದರು. ಬಾಗಿಲಿನ ಚಿತ್ರದ ಮೇಲೆ ಅವರ ಬೆರಳು ನಿಂತಿತು.

“ಇದರ ಬಾಕಿ ಪ್ರತಿಗಳು ಎಲ್ಲಿ?”

“ಬಾಕಿ ಇಲ್ಲ,” ಎಂದಳು ಚಂಪಾ. “ಒಂದೇ ಬರುದು.”

“ಅಚ್ಚು ಅಂದ ಮೇಲೆ ಒಂದೇ ಹೇಗೆ ಬರ್ತದೆ ಬಾಯಿ? ನಮಗೆ ಅಷ್ಟೂ ತಿಳಿಯೂದಿಲ್ವ?”

ಮಂಗೇಶ ವಿವರಿಸಲು ಹೋದ. ಅವನನ್ನು ಸುಮ್ಮನಿರಿಸಿದರು. ಫೌಜದಾರರು ಚಿತ್ರವನ್ನು ಬೆಳಕಿಗೆ ಹಿಡಿದರು. “ಅಂಕೋಲೆ ಕಡೆ ಜಪ್ತಿಯಾದ ಒಂದು ಮನೆಯಲ್ಲಿ ಬಾಗಿಲೇ ಇಲ್ಲ. ಜಪ್ತಿಯ ಮಾಲು ಕದ್ದು ಸಾಗಿಸುದು ಗುನ್ಹೆ. ಇವಳು ಯಾರು? ಈ ಕೈ ಯಾಕೆ ಹೀಗದೆ?”

ಎಡಗೈ ಎಡಗೈಯಾಗಿಯೇ ಬರಲೆಂದು ಚಂಪಾ ಪಟ್ಟ ಪಾಡೆಲ್ಲ ಈಗ ದುರ್ಗಿಯ ಕುತ್ತಿಗೆಗೆ ಬಂದಿತ್ತು. ಈ ಕಾಗದ ಅಂಕೋಲೆಯ ಪೇಟೆಗೆ ಹೋದರೆ ಸಾಕು, ಅದು ಯಾರ ಕೈ ಎಂದು ಹೇಳಲು ಹತ್ತು ಜನ ಸಿಗುತ್ತಾರೆ.

“ಯಾರೂ ಅಲ್ಲ. ಮನಸ್ಸಿಗೆ ಬಂದದ್ದು ಮಾಡಿದೆ. ಕೈ ಸರಿ ಬರ್ಲಿಲ್ಲ.”

“ಹಾಗಾದ್ರೆ ಈಗ ಮಾಡಿ ತೋರಿಸಿ. ಇದನ್ನೇ. ನಿಮ್ಮ ಕೈಯಿಂದಲೇ ಬಂದದ್ದೋ, ಎಲ್ಲೋ ಯಂತ್ರ ಇಟ್ಟಿದ್ದೀರೋ ನೋಡುವಾ.”

ಅಷ್ಟರಲ್ಲಿ ಮಾಸ್ತರರೂ ಕೋಲೂರಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದರು. ಚಂಪಾ ಗಾಜು ತಂದಿಟ್ಟಳು. ಫೌಜದಾರರು ಗಾಜು ನೋಡಿದರು, ತೆರೆದ ಬಾಗಿಲಿನಿಂದ ಪಡಸಾಲೆಯ ಗೋಡೆಯಲ್ಲಿದ್ದ, ಗಾಜಿಲ್ಲದೆ ಧೂಳು ಹಿಡಿದ ಚಕ್ರವರ್ತಿಯನ್ನೂ ನೋಡಿದರು. ಅವಳು ಮಸಿ ತಟ್ಟತೊಡಗಿದಳು. ಯಾವತ್ತಿಗಿಂತ ದಪ್ಪಗೆ ತಟ್ಟಿದಳು. ಮೇಲಿನ ಎರಡು ಮೂಲೆಗಳಲ್ಲಿ ಬಟ್ಟೆಯಿಂದ ಒಂದಿಷ್ಟು ಒರೆಸಿ ಆಕಾಶ ಮಾಡಿದಳು, ಕೆಳಗೊಂದು ಗೆರೆ ಎಳೆದಳು. ನಡುವಿನ ಜಾಗವನ್ನು ಮುಟ್ಟಲಿಲ್ಲ.

ಆಮೇಲೆ ಕೈ ಚಾಚಿ, “ಆ ಕಾಗದ ಕೊಡಿ,” ಎಂದಳು.

“ಹೊಸ ಕಾಗದ ಅಲ್ಲೇ ಅದೆಯಲ್ಲ?”

“ಹೊಸದು ಮಸಿ ಹಿಡಿಯೂದಿಲ್ಲ. ಒಂದು ಸಲ ಮಸಿ ಕುಡಿದ ಕಾಗದವೇ ಬೇಕು.”

ಫೌಜದಾರರು ಮಾಸ್ತರರ ಕಡೆ ತಿರುಗಿದರು. “ಹೌದೋ?”

ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಮೂವತ್ತು ವರ್ಷ ಛಡಿ ಕೊಟ್ಟ ಮನುಷ್ಯ. ಅವರಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, “ಹೌದು. ಹಾಗೇ ಮಾಡುದು,” ಎಂದರು.

ಚಂಪಾ ಚಿತ್ರ ತೆಗೆದುಕೊಂಡಳು. ಒಂದು ಕ್ಷಣ ಅದರ ಮುಖ ನೋಡಿದಳು. ಹೆಚ್ಚು ನೋಡಿದರೆ ಕೈ ಏಳುವುದಿಲ್ಲವೆಂದು ತಟ್ಟನೆ ಮಗುಚಿ ಗಾಜಿನ ಮೇಲೆ ಹಾಸಿದಳು. ಸೌಟಿನ ಬೆನ್ನಿನಿಂದ ತಿಕ್ಕಿದಳು, ಮೂಲೆಯಿಂದ ಮೂಲೆಗೆ, ಒಂದು ಚೂರೂ ಬಿಡದೆ. ಕಾಗದ ಎತ್ತಿದಾಗ ಮೇಲಂಚಿನಲ್ಲಿ ಬೂದು ಆಕಾಶದ ತುಣುಕಿತ್ತು. ಉಳಿದದ್ದು ಡಾಂಬರು ಬಳಿದ ದೋಣಿಯ ತಳದಂತೆ ಕಪ್ಪು. ಬಾಗಿಲಿಲ್ಲ, ಮಣಿಸರವಿಲ್ಲ, ಕೈಯಿಲ್ಲ.

ಪೊಲೀಸರಲ್ಲೊಬ್ಬ ಬಗ್ಗಿ ನೋಡಿ ಹಿಂದೆ ಸರಿದ. ಫೌಜದಾರರು ಕಾಗದವನ್ನು ನೋಡಲಿಲ್ಲ, ಚಂಪಾಳನ್ನೇ ನೋಡುತ್ತಿದ್ದರು.

“ಬಾಯಿ, ನೀವು ಇದನ್ನು ಬೇಕಂತಲೇ ಮಾಡಿದ್ರಿ.”

“ನಾ ಇನ್ನೂ ಕಲೀತಾ ಇದ್ದೇನೆ ಸಾಹೇಬ್ರೆ. ಹತ್ತರಲ್ಲಿ ಒಂಬತ್ತು ಹೀಗೇ ಆಗ್ತದೆ. ಇವರನ್ನ ಕೇಳಿ.”

“ಹೌದು,” ಎಂದರು ಮಾಸ್ತರರು, ಈ ಸಲ ಕೆಮ್ಮದೆ. ಅದು ನಿಜವೇ ಆಗಿತ್ತು.

ಫೌಜದಾರರು ಕಪ್ಪು ಕಾಗದವನ್ನೂ ಉಳಿದ ಐದು ಚಿತ್ರಗಳನ್ನೂ ಮಸಿಯ ಡಬ್ಬಿಯನ್ನೂ ಪಂಚನಾಮೆ ಬರೆಸಿ ಒಯ್ದರು. ಗಾಜು ಬಿಟ್ಟರು. ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯಲಿಲ್ಲ.

ಅವರು ಹೋದ ಮೇಲೆ ಚಂಪಾ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಒಲೆಯಲ್ಲಿ ಬೆಂಕಿಯಿರಲಿಲ್ಲ. ಮಂಗೇಶ ಬಂದು ಹತ್ತಿರ ನಿಂತ.

“ಅವಳು ಯಾರು?” ಎಂದ ಮೆಲ್ಲಗೆ.

ಅವಳು ಹೇಳಿದಳು. ಎಲ್ಲ ಕೇಳಿ ಅವನು ಹೊರಗೆ ಹೋದ. ಅಂದು ಸಂಜೆ ಪೇಟೆಯಲ್ಲಿ, ಕೈಮುಗಿದ ಮೊದಲ ಮನುಷ್ಯನಿಗೇ, ಆ ಕರಪತ್ರ ತಾನು ಅಚ್ಚು ಹಾಕಿದ್ದಲ್ಲ ಎಂದು ಹೇಳಿಬಿಟ್ಟ. ಆ ಮನುಷ್ಯ ಕಣ್ಣು ಮಿಟುಕಿಸಿ, “ಹೌದು ಹೌದು, ಹಾಗೇ ಹೇಳ್ಬೇಕು,” ಎಂದು ಇನ್ನಷ್ಟು ಬಗ್ಗಿ ಕೈಮುಗಿದ. ಮಂಗೇಶ ಮನೆಗೆ ಬಂದು ಅದನ್ನು ಹೇಳುವಾಗ ಇಬ್ಬರಿಗೂ ನಗು ತಡೆಯಲಿಲ್ಲ. ನಗುತ್ತ ನಗುತ್ತ ಚಂಪಾಳ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಿಲ್ಲಲಿಲ್ಲ.

ಕಳೆದುಹೋದ ಚಿತ್ರ ಅವಳನ್ನು ಬಿಡಲಿಲ್ಲ. ಮಸಿಯಿಲ್ಲದ್ದಕ್ಕೆ ದೀಪದ ಕಾಡಿಗೆ ಹಿಡಿದು ತೆಂಗಿನೆಣ್ಣೆಯಲ್ಲಿ ಕಲಸಿದಳು. ಕಾಗದದ ತುಂಬ ಎಣ್ಣೆ ಹಬ್ಬಿ ಗೆರೆಗಳೆಲ್ಲ ಹಳದಿಯಾದವು. ಮಂಗೇಶ ಬೈತಖೋಲ ಬಂದರಿನಲ್ಲಿ ದೋಣಿಗೆ ಬಣ್ಣ ಬಳಿಯುವವರಿಂದ ಅಗಸೆ ಎಣ್ಣೆ ತಂದುಕೊಟ್ಟ. ಅದರಿಂದ ಮಸಿ ಒಂದು ಹದಕ್ಕೆ ಬಂತು. ಬಾಗಿಲು ಹೊತ್ತವಳನ್ನು ಹನ್ನೊಂದು ಸಲ ಮಾಡಿದಳು, ಯಾರಿಗೂ ಗುರುತಾಗದಂತೆ ಎರಡೂ ಕೈ ನೆಟ್ಟಗೆ. ಬಾಗಿಲು ಬಂತು, ಭಾರ ಬರಲಿಲ್ಲ. ಹನ್ನೊಂದನ್ನೂ ಒಲೆಗೆ ಹಾಕಿದಳು.

“ಅದನ್ನೇ ಮತ್ತೆ ಮಾಡ್ಬೇಡ,” ಎಂದರು ಮಾಸ್ತರರು. “ಒಂದೇ ಬರ್ತದೆ ಅಂತ ಮೊದಲೇ ಹೇಳಿದ್ದೆ. ಗಾಜಿಗೆ ಹೇಳಿದ್ದಲ್ಲ, ನಿಂಗೆ ಹೇಳಿದ್ದು.”

ಅದಾಗಿ ಎರಡನೇ ದಿನ ಚಂಪಾ ಗಾಜನ್ನು ಹಳೇ ಸೀರೆಯಲ್ಲಿ ಸುತ್ತಿ, ಮಸಿ, ಸೌಟು, ಕಾಗದ ಚೀಲಕ್ಕೆ ಹಾಕಿಕೊಂಡು ಅಂಕೋಲೆಯ ಮೋಟಾರು ಹತ್ತಿದಳು. ಈ ಸಲ ತವರಿಗೆ ಹೋಗಲಿಲ್ಲ. ಬೇಲೆಕೇರಿಯಲ್ಲಿ ಇಳಿದು ಏರಿ ಹಿಡಿದು ನಡೆದಳು. ಬೀರನ ಮನೆ ಕೇಳಿಕೊಂಡು ಹೋದಾಗ ಅಂಗಳದಲ್ಲಿ ದುರ್ಗಿ ಬುಟ್ಟಿ ಕಟ್ಟುತ್ತಿದ್ದಳು, ಸೊಟ್ಟ ಕೈಯ ಮಡಿಕೆಯಲ್ಲಿ ಬೆತ್ತ ಒತ್ತಿ ಹಿಡಿದು. ಹಲಸಿನ ಬಾಗಿಲು ದನದ ಕೊಟ್ಟಿಗೆಗೆ ಅಡ್ಡ ನಿಂತಿತ್ತು.

ಚಂಪಾ ನಡೆದದ್ದೆಲ್ಲ ಹೇಳಿದಳು. ದುರ್ಗಿಯ ಕಣ್ಣು ಅವಳ ಬೆರಳುಗಳ ಮೇಲಿತ್ತು.

“ನಿಮ್ಗೂ ಹೆಬ್ಬೆಟ್ಟು ಒತ್ಸಿದ್ರಾ ಅಮ್ಮ?”

“ಇಲ್ಲ ಮಾರಾಯ್ತಿ. ಇದು ನಂದೇ ಮಸಿ.”

ದುರ್ಗಿಗೆ ನಂಬಿಕೆ ಬರಲಿಲ್ಲ. ಅವಳು ಕಂಡ ಮಸಿಯೆಲ್ಲ ಕಚೇರಿಯದು. ಹಚ್ಚಿಕೊಂಡಾಗಲೆಲ್ಲ ಏನಾದರೂ ಒಂದು ಕೈ ಬಿಟ್ಟು ಹೋಗಿತ್ತು. ಚಂಪಾ ಗಾಜು ಬಿಚ್ಚಿ ಕಲ್ಲಿನ ಮೇಲಿಟ್ಟಾಗ ಅವಳು ಎರಡು ಹೆಜ್ಜೆ ಹಿಂದೆ ಕೂತಳು.

“ನನ್ನ ಚಿತ್ರ ಎಂತಕೆ? ಹುಲಿಯಾ ಬರ್ಲಿ, ಅವಂದು ಮಾಡಿ.”

“ಅವ ಯಾವಾಗ ಬತ್ತ?”

“ಮಳೆ ಬಿಟ್ಟ ಮೇಲೆ ಅಂತ್ರು.”

“ಅಲ್ಲಿವರೆಗೆ ನೀ ಬುಟ್ಟಿ ಕಟ್ಟು. ನಾ ಎಂತದೂ ಕೇಳೂದಿಲ್ಲ. ಮುಖವೂ ಮಾಡೂದಿಲ್ಲ.”

ದುರ್ಗಿ ಬೆತ್ತ ಎತ್ತಿಕೊಂಡಳು. ಚಂಪಾ ಮಸಿ ತಟ್ಟಿ ಒರೆಸತೊಡಗಿದಳು. ಮೊಣಕಾಲು, ಬುಟ್ಟಿಯ ಬಾಯಿ, ಹಾರಿ ನಿಂತ ಬೆತ್ತದ ತುದಿಗಳು. ಅರ್ಧ ಆಗಿರಲಿಲ್ಲ, ದುರ್ಗಿ ಎದ್ದು ನಿಂತಳು.

“ಕಡಲ ನೀರು ಇಳಿತಕ್ಕೆ ಹೊತ್ತಾಯ್ತು ಅಮ್ಮ. ಈಗ ಹೋಗ್ದೆ ಇದ್ರೆ ಬಳಚು ಸಿಕ್ಕೂದಿಲ್ಲ.” ಅರೆಗಟ್ಟಿದ ಬುಟ್ಟಿಯನ್ನು ಬಿಟ್ಟು ಹಳೇ ಬುಟ್ಟಿ ತಗೊಂಡು ಅವಳು ಚಿಪ್ಪು ಆರಿಸಲು ಏರಿಯ ಕಡೆ ನಡೆದುಬಿಟ್ಟಳು.

ಚಂಪಾ ಇದ್ದಷ್ಟರ ಮೇಲೇ ಕಾಗದ ಹಾಸಿ ತಿಕ್ಕಿದಳು. ಎತ್ತಿದಾಗ ಬೆತ್ತ ಚೆನ್ನಾಗಿ ಮೂಡಿತ್ತು, ಮೊಣಕಾಲಿನ ಮಸಿ ಬಿಸಿಲಿಗೆ ಆರಿ ಕಾಗದಕ್ಕೆ ಬಂದಿರಲಿಲ್ಲ. ಕಾಗದವನ್ನು ಕೊಟ್ಟಿಗೆಯ ಬೇಲಿಗೆ ಸಿಕ್ಕಿಸಿದಳು. ಸೀಮೆಎಣ್ಣೆಯ ಬಟ್ಟೆಯಿಂದ ಗಾಜು ಒರೆಸಿ, ಅದನ್ನು ನೆರಳಿಗೆ ಎಳೆದುಕೊಂಡು ಮತ್ತೆ ಮಸಿ ತಟ್ಟಲು ಕೂತಳು. ಕಾರವಾರದ ಮೋಟಾರು ಬರಲು ಇನ್ನೂ ಒಂದು ತಾಸಿತ್ತು.